ಇಂಗ್ಲಿಷ್ ವಾಕ್ಯ ಜೋಡಣೆ: ಪದಪಟ್ಟಿ ಬದಿಗಿಡಿ, ಕ್ರಿಯಾಪದ ಎಣಿಸಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳಿಗಾಗಿ ಪತ್ರಿಕೆಗಳು ಹೊರತರುವ ಇಂಗ್ಲಿಷ್ ಕಲಿಕೆಯ ಪುಟಗಳಲ್ಲಿ, ಪರೀಕ್ಷಾ ಕೈಪಿಡಿಗಳಲ್ಲಿ ಕಂಜಂಕ್ಷನ್, ಅಂದರೆ ವಾಕ್ಯ ಜೋಡಿಸುವ ಪದಗಳ ಪಾಠ ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿರುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಆ್ಯಂಡ್ ಎಂದರೆ ಮತ್ತು, ಬಟ್ ಎಂದರೆ ಆದರೆ, ಬಿಕಾಸ್ ಎಂದರೆ ಏಕೆಂದರೆ, ಆಲ್ದೋ ಎಂದರೆ ಆದಾಗ್ಯೂ. ಕೆಳಗೆ ಹತ್ತು ಜೊತೆ ವಾಕ್ಯ, ಪಕ್ಕದಲ್ಲಿ ಒಂದೊಂದು ಪದ, 'ಜೋಡಿಸಿ ಬರೆಯಿರಿ' ಎಂಬ ಸೂಚನೆ. ನಿಮ್ಮ ಪುಟದ ಪಾಠವೂ ಇದೇ ಹಾದಿಯಲ್ಲಿದೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಸ್ವಂತ ವಾಕ್ಯ ಬರೆಯಲು ಕೂತಾಗ ಎಡವುತ್ತಾರೆ; ಎಡವುವ ಜಾಗಗಳೂ ಪ್ರತಿಸಲ ಅವೇ. ಇದು ಮಕ್ಕಳ ಅಲಕ್ಷ್ಯವಲ್ಲ. ಕನ್ನಡ ವಾಕ್ಯಗಳನ್ನು ಬೆಸೆಯುವ ಬಗೆ ಬೇರೆ, ಇಂಗ್ಲಿಷ್ ಬೆಸೆಯುವ ಬಗೆ ಬೇರೆ. ಪದಕ್ಕೆ ಪದ ಕೊಡುವ ಪಟ್ಟಿ ಆ ವ್ಯತ್ಯಾಸವನ್ನೇ ಮರೆಮಾಡುತ್ತದೆ. ಪಾಠ ಎಲ್ಲಿಂದ ಶುರುವಾಗಬೇಕು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಕನ್ನಡದಲ್ಲಿ ಜೋಡಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಬಿಡಿ ಪದವಲ್ಲ, ಕ್ರಿಯಾಪದದ ಬಾಲ. 'ಅವಳು ಬಾಗಿಲು ತೆರೆದು, ದೀಪ ಹಾಕಿ, ಕುರ್ಚಿಯಲ್ಲಿ ಕುಳಿತಳು.' ಮೂರು ಕೆಲಸ ನಡೆದಿದೆ, ಆದರೆ ಪೂರ್ಣ ಕ್ರಿಯಾಪದ 'ಕುಳಿತಳು' ಒಂದೇ. 'ತೆರೆದು', 'ಹಾಕಿ' ಇವು ಕೃದಂತಾವ್ಯಯಗಳು; ವಾಕ್ಯ ಮುಗಿದಿಲ್ಲ, ಮುಂದೆ ಇನ್ನೂ ಇದೆ ಎಂದು ಅವುಗಳ ರೂಪವೇ ಹೇಳುತ್ತದೆ. 'ಮತ್ತು' ಎಲ್ಲೂ ಬಂದಿಲ್ಲ, ಬರುವ ಅಗತ್ಯವೂ ಇಲ್ಲ. ಹಾಗೆಯೇ 'ಬಂದರೆ'ಯೊಳಗೆ ಇಫ್ ಅಡಗಿದೆ, 'ಬಂದರೂ' ಎಂಬುದರೊಳಗೆ ಆಲ್ದೋ, 'ಬಂದಾಗ'ದೊಳಗೆ ವೆನ್, 'ಬರುವವರೆಗೆ'ಯೊಳಗೆ ಅಂಟಿಲ್, 'ಬಂದದ್ದರಿಂದ' ಎಂಬಲ್ಲಿ ಬಿಕಾಸ್. 'ರೆ' ಹೋಗಿ 'ರೂ' ಬಂದರೆ ಸಾಕು, ಷರತ್ತು ಇದ್ದ ಜಾಗದಲ್ಲಿ ವಿರೋಧ ಬಂದು ಕೂರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲಗಳಿಲ್ಲ. ಅದು ಪೂರ್ಣರೂಪದಲ್ಲೇ ನಿಂತಿರುತ್ತದೆ. ಹೊರಗಿನಿಂದ ಒಂದು ಪದ ಬಂದು ಉಪವಾಕ್ಯದ ತಲೆಯ ಮೇಲೆ ಕೂರಬೇಕು. ನಮ್ಮ ಕೊಂಡಿ ಬಾಲದಲ್ಲಿ, ಅವರ ಕೊಂಡಿ ತಲೆಯಲ್ಲಿ. ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಅಂಶದಿಂದಲೇ ಹುಟ್ಟುತ್ತವೆ.

ಹಾಗಾಗಿ ಮೊದಲ ಪಾಠ ಪದಪಟ್ಟಿಯಲ್ಲ, ಎಣಿಕೆಯಾಗಬೇಕು. ಒಂದು ಇಂಗ್ಲಿಷ್ ವಾಕ್ಯದಲ್ಲಿ ಎಷ್ಟು ಪೂರ್ಣ ಕ್ರಿಯಾಪದಗಳಿವೆಯೋ ಅದಕ್ಕಿಂತ ಒಂದು ಕಡಿಮೆ ಕೊಂಡಿ ಇರಬೇಕು. ಒಂದು ಕ್ರಿಯಾಪದಕ್ಕೆ ಕೊಂಡಿ ಬೇಡ, ಎರಡಕ್ಕೆ ಒಂದು, ಮೂರಕ್ಕೆ ಎರಡು. ಪೂರ್ಣ ಕ್ರಿಯಾಪದವನ್ನು ಗುರುತಿಸುವುದು ಹೇಗೆ? ವಾಕ್ಯದ ಕಾಲ ಬದಲಿಸಿ ನೋಡಬೇಕು. 'ಯಸ್ಟರ್‌ಡೇ' ಇದ್ದಲ್ಲಿ 'ಎವೆರಿ ಡೇ' ಹಾಕಿದಾಗ ಯಾವ ಪದದ ರೂಪ ಬದಲಾಗುತ್ತದೋ ಅದು ಪೂರ್ಣ ಕ್ರಿಯಾಪದ. 'ಶಿ ವೆಂಟ್ ಔಟ್ ಟು ಬೈ ಅ ಪೆನ್' ಎಂಬುದು 'ಶಿ ಗೋಸ್ ಔಟ್ ಟು ಬೈ ಅ ಪೆನ್' ಎಂದಾಗುತ್ತದೆ. 'ವೆಂಟ್' ಬದಲಾಯಿತು, 'ಟು ಬೈ' ಹಾಗೇ ಉಳಿಯಿತು. ಆದ್ದರಿಂದ ಎಣಿಕೆ ಒಂದೇ. ಬರೀ 'ಐಎನ್‌ಜಿ' ರೂಪವೂ ಲೆಕ್ಕಕ್ಕಿಲ್ಲ. 'ಹ್ಯಾಸ್ ಬೀನ್ ವೇಟಿಂಗ್' ಮೂರು ಪದವಾದರೂ ಒಂದೇ ಕ್ರಿಯಾಪದ, 'ಕ್ಯಾನ್ ಗೋ' ಕೂಡ ಒಂದೇ.

ಕೊಂಡಿ ಎಂದರೆ ಯಾವುವು? ಆ್ಯಂಡ್, ಬಟ್, ಆರ್ ಮೊದಲಾದ ಏಳು. ಇಫ್, ವೆನ್, ಬಿಕಾಸ್, ಆಲ್ದೋ ಗುಂಪಿನವು. ಹೂ, ವಿಚ್, ದ್ಯಾಟ್. ವಾಕ್ಯದ ಒಳಗೆ ಬರುವ ವಾಟ್, ಹೌ, ವೇರ್. ಅರ್ಧವಿರಾಮ, ಅಂದರೆ ಸೆಮಿಕೋಲನ್, ಕೂಡ ಒಂದು ಕೊಂಡಿಯೇ. 'ಐದರ್ – ಆರ್' ಥರದ ಜೋಡಿಯನ್ನು ಒಂದೆಂದು ಎಣಿಸಬೇಕು. 'ಐ ನೋ ಹಿ ಕೇಮ್' ಎಂಬಲ್ಲಿ 'ದ್ಯಾಟ್' ಕಾಣಿಸುವುದಿಲ್ಲ, ಆದರೆ ಇದೆ ಎಂದೇ ಲೆಕ್ಕ. ಮೂರು ಕೆಲಸವನ್ನು ಸಾಲಾಗಿ ಹೇಳಿದಾಗ, 'ಶಿ ಓಪನ್ಡ್ ದ ಡೋರ್, ಸ್ವಿಚ್ಡ್ ಆನ್ ದ ಲ್ಯಾಂಪ್ ಆ್ಯಂಡ್ ಸ್ಯಾಟ್ ಡೌನ್' ಎಂಬಲ್ಲಿ, ಮೊದಲ ಅಲ್ಪವಿರಾಮ ಒಂದು 'ಆ್ಯಂಡ್'ನ ಬದಲಿಗೆ ನಿಂತಿದೆ. ಕೊನೆಯ ಸಂದಿಯಲ್ಲಿ ಮಾತ್ರ ಪದವೇ ಬಂದಿದೆ. ಈ ಎಣಿಕೆಗೆ ಸಿಗದ ವಾಕ್ಯಗಳು ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. 'ಹ್ಯಾಡ್ ಐ ನೋನ್' ಎಂದು ಇಫ್ ಇಲ್ಲದೆಯೇ ಷರತ್ತು ಹೇಳುವ ರೂಪ ಅಂಥದ್ದು. ಆದರೆ ಅವು ಕಡಿಮೆ, ಆಮೇಲೆ ಕಲಿತರಾಯಿತು.

ಈಗ ಈ ಲೆಕ್ಕವನ್ನು ನಿತ್ಯ ಕಾಣುವ ತಪ್ಪುಗಳ ಮೇಲೆ ಹಾಕಿ ನೋಡೋಣ. 'ದ ಬಸ್ ವಾಸ್ ಲೇಟ್, ವಿ ಮಿಸ್ಡ್ ದ ಮೀಟಿಂಗ್.' ಕ್ರಿಯಾಪದ ಎರಡು, ಕೊಂಡಿ ಸೊನ್ನೆ. ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮ ಹಿಡಿದಿಡಲಾರದು. 'ವಾಸ್ ಲೇಟ್, ಸೋ ವಿ ಮಿಸ್ಡ್' ಎಂದರೆ ಸರಿ. 'ಬಿಕಾಸ್ ದ ಬಸ್ ವಾಸ್ ಲೇಟ್, ವಿ ಮಿಸ್ಡ್' ಎಂದರೂ ಸರಿ. ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಹಾಕಿದರೂ ಸರಿ. ಆದರೆ ಮೂರರ ಭಾರ ಬೇರೆ ಬೇರೆ. 'ಸೋ' ಫಲವನ್ನು ಮುಂದೆ ಮಾಡುತ್ತದೆ, 'ಬಿಕಾಸ್' ಬಸ್ ತಡವಾದದ್ದನ್ನು ಹಿನ್ನೆಲೆಗೆ ಸರಿಸುತ್ತದೆ, ಅರ್ಧವಿರಾಮ ಸಂಬಂಧವನ್ನು ಓದುಗನ ಊಹೆಗೆ ಬಿಡುತ್ತದೆ.

'ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ದೆ ವೆಂಟ್ ಔಟ್.' ಕ್ರಿಯಾಪದ ಎರಡು, ಕೊಂಡಿಯೂ ಎರಡು. ಒಂದು ಹೆಚ್ಚು. ಇಲ್ಲಿ ಪದಪಟ್ಟಿಯ ಪಾಲೂ ಇದೆ. 'ಆಲ್ದೋ'ಗೆ 'ಆದಾಗ್ಯೂ' ಎಂದು ಅರ್ಥ ಕೊಡುವುದೇ ತಪ್ಪು. 'ಆದಾಗ್ಯೂ' ಎರಡನೆಯ ವಾಕ್ಯದ ಮೊದಲಲ್ಲಿ ಬರುವ ಪದ. ಇಂಗ್ಲಿಷಿನಲ್ಲಿ ಅದರ ಸರಿಜೋಡಿ 'ನೆವರ್‌ದಿಲೆಸ್'. 'ಆಲ್ದೋ' ಎಂದರೆ ಮೊದಲ ಉಪವಾಕ್ಯಕ್ಕೆ ಅಂಟುವ 'ರೂ' ಪ್ರತ್ಯಯ: 'ಮಳೆ ಬರುತ್ತಿದ್ದರೂ'. ಮಗುವಿಗೆ 'ಆದಾಗ್ಯೂ' ಎಂದು ಹೇಳಿಕೊಟ್ಟರೆ ಅದು ಎರಡನೆಯ ಅರ್ಧದಲ್ಲಿ ಏನನ್ನೋ ಹುಡುಕಿ 'ಬಟ್' ಹಾಕುತ್ತದೆ. ಹಳೆಯ ಇಂಗ್ಲಿಷ್ ಬರಹದಲ್ಲಿ, ಕೆಲವು ಪಠ್ಯಪುಸ್ತಕಗಳಲ್ಲಿ 'ದೋ – ಯೆಟ್' ಜೋಡಿ ಸಿಗುತ್ತದೆ. ಅಲ್ಲಿ ಯೆಟ್ ಕೊಂಡಿಯಲ್ಲ, 'ಆದರೂ' ಎಂದು ಒತ್ತಿ ಹೇಳುವ ಪದ. ಈಗಿನ ಬರಹಕ್ಕೆ ಅದರ ಅಗತ್ಯವಿಲ್ಲ. 'ದೋ – ಬಟ್' ಮಾತ್ರ ಬರೆಯಲೇಬಾರದು.

'ಸಪೋಸ್ ಇಫ್ ಹಿ ಕಮ್ಸ್' ಎಂಬುದು ನಮ್ಮವರ ಬಾಯಲ್ಲಿ ಬೇರೂರಿದ ಮಾತು. ಇದರ ಮೂಲ ಸ್ಪಷ್ಟವಾಗಿದೆ. 'ಒಂದು ವೇಳೆ ಅವನು ಬಂದರೆ' ಎನ್ನುವಾಗ ಕನ್ನಡ ಷರತ್ತನ್ನು ಎರಡು ಕಡೆ ಗುರುತಿಸುತ್ತದೆ, ಮೊದಲಲ್ಲಿ 'ಒಂದು ವೇಳೆ', ಕೊನೆಯಲ್ಲಿ 'ರೆ'. ನಮ್ಮ ಭಾಷೆಯಲ್ಲಿ ಅದು ಸೊಗಸು, ಇಂಗ್ಲಿಷಿನಲ್ಲಿ ಒಂದೇ ಬಾಗಿಲಿಗೆ ಎರಡು ಬೀಗ. 'ಇಫ್' ಒಂದೇ ಸಾಕು. 'ಆ್ಯಸ್ ಬಿಕಾಸ್', 'ಬಿಕಾಸ್ – ಸೋ', 'ದ ರೀಸನ್ ಈಸ್ ಬಿಕಾಸ್' ಇವೂ ಇದೇ ಜಾತಿಯವು. ಕೊನೆಯದರಲ್ಲಿ 'ರೀಸನ್' ಎಂಬ ಪದವೇ ಕಾರಣವನ್ನು ಹೇಳಿಯಾಗಿದೆ, ಅದರ ಮುಂದೆ 'ದ್ಯಾಟ್' ಬಂದರೆ ಸಾಕು. ಕನ್ನಡದಲ್ಲೂ ನಾವು 'ಕಾರಣವೇನೆಂದರೆ' ಎನ್ನುತ್ತೇವೆಯೇ ಹೊರತು 'ಕಾರಣ ಯಾಕೆಂದರೆ' ಎಂದು ಬರೆಯುವುದಿಲ್ಲ. 'ಇಫ್ – ದೆನ್' ಮಾತ್ರ ತಪ್ಪಲ್ಲ, ಏಕೆಂದರೆ ದೆನ್ ಕೊಂಡಿಯಲ್ಲ.

ಮೇಲಿನ ಸಾಲಿನಲ್ಲಿ ನಾನೇ 'ಏಕೆಂದರೆ' ಬಳಸಿದೆ. ಕನ್ನಡದಲ್ಲಿ ಅದರ ಹಿಂದೆ ಪೂರ್ಣವಿರಾಮ ಇಟ್ಟು ಹೊಸ ವಾಕ್ಯ ಶುರುಮಾಡಿದರೂ ಯಾರೂ ಆಕ್ಷೇಪಿಸುವುದಿಲ್ಲ. 'ನಾವು ಒಳಗೇ ಇದ್ದೆವು. ಏಕೆಂದರೆ ಮಳೆ ಬರುತ್ತಿತ್ತು.' ಶುದ್ಧ ಕನ್ನಡ. ಏಕೆ ಎಂದರೆ, ಅಂದರೆ 'ಏಕೆ ಎಂದು ನೀವು ಕೇಳಿದರೆ' ಎಂಬ ಪುಟ್ಟ ಷರತ್ತೇ ಆ ಪದದೊಳಗಿದೆ. ಅದು ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು. ಇಂಗ್ಲಿಷಿನ 'ಬಿಕಾಸ್' ಹುಟ್ಟಿದ್ದು 'ಬೈ' ಮತ್ತು 'ಕಾಸ್' ಸೇರಿ. 'ಕಾರಣದಿಂದ' ಎಂಬುದಕ್ಕೆ ಹೆಚ್ಚು ಹತ್ತಿರ. 'ಮಳೆ ಬರುತ್ತಿದ್ದ ಕಾರಣದಿಂದ.' ಎಂದು ಕನ್ನಡದಲ್ಲಿ ಪೂರ್ಣವಿರಾಮ ಇಟ್ಟರೆ ಹೇಗೆ ತೂಗಾಡುತ್ತದೋ, 'ಬಿಕಾಸ್ ಇಟ್ ವಾಸ್ ರೇನಿಂಗ್.' ಎಂದು ಬಿಡಿಯಾಗಿ ಬರೆದರೆ ಹಾಗೆಯೇ ತೂಗಾಡುತ್ತದೆ. ಎಣಿಕೆಯೂ ಅದನ್ನೇ ಹೇಳುತ್ತದೆ: ಒಂದು ಕ್ರಿಯಾಪದ, ಒಂದು ಕೊಂಡಿ, ಆ ಕೊಂಡಿ ಹಿಡಿಯಲು ಇನ್ನೊಂದು ತುದಿ ಇಲ್ಲ. ಇದನ್ನೇ ಕೆಲವರು 'ಬಿಕಾಸ್‌ನಿಂದ ವಾಕ್ಯ ಶುರುಮಾಡಬಾರದು' ಎಂಬ ನಿಯಮ ಮಾಡಿಕೊಂಡಿದ್ದಾರೆ. ಅದು ಸರಿಯಲ್ಲ. ಅದೇ ವಾಕ್ಯದಲ್ಲಿ ಮುಖ್ಯವಾಕ್ಯ ಬಂದರೆ ಬಿಕಾಸ್ ಮೊದಲು ಬರಬಹುದು. ಆ್ಯಂಡ್, ಬಟ್‌ಗಳಿಂದ ವಾಕ್ಯ ಶುರುಮಾಡುವುದಂತೂ ತಪ್ಪೇ ಅಲ್ಲ. ಅವು ಹಿಂದಿನ ವಾಕ್ಯಕ್ಕೆ ಒರಗಿ ನಿಲ್ಲಬಲ್ಲವು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನ ಮೊದಲ ಅಧ್ಯಾಯದಲ್ಲೇ ಎರಡನೆಯ ವಾಕ್ಯದಿಂದ ಸಾಲುಸಾಲಾಗಿ 'ಆ್ಯಂಡ್' ಆರಂಭಗಳಿವೆ. ಶಾಲಾ ಪ್ರಬಂಧದಲ್ಲಿ ಮಿತವಾಗಿರಲಿ ಎನ್ನಬಹುದು, ನಿಷೇಧ ಬೇಡ.

ಇದಕ್ಕಿಂತ ಅಪಾಯಕಾರಿ ತಪ್ಪು ಇನ್ನೊಂದಿದೆ. ಅದರಲ್ಲಿ ವ್ಯಾಕರಣ ಕೆಡುವುದಿಲ್ಲ, ಅರ್ಥ ತಲೆಕೆಳಗಾಗುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. 'ಮಳೆ ಬಂದ ಕಾರಣ ಬಸ್ ತಡವಾಯಿತು' ಎಂಬುದನ್ನು ಅದೇ ಅನುಕ್ರಮದಲ್ಲಿ ಇಂಗ್ಲಿಷಿಗೆ ಇಳಿಸಿದರೆ 'ಇಟ್ ರೇನ್ಡ್ ಬಿಕಾಸ್ ದ ಬಸ್ ವಾಸ್ ಲೇಟ್' ಎಂದಾಗುತ್ತದೆ. ಬಸ್ ತಡವಾದದ್ದರಿಂದ ಮಳೆ ಬಂತು! 'ಅವನು ಬರುವ ಮೊದಲು ನಾನು ಹೊರಟೆ' ಎಂಬುದು 'ಹಿ ಕೇಮ್ ಬಿಫೋರ್ ಐ ಲೆಫ್ಟ್' ಆಗುತ್ತದೆ. ಇದರ ಅರ್ಥ ಅವನು ಮೊದಲು ಬಂದ, ನಾನು ಆಮೇಲೆ ಹೊರಟೆ. ಮಳೆಯ ಉದಾಹರಣೆಯಲ್ಲಿ ವಾಕ್ಯ ಅಸಂಬದ್ಧವಾದ್ದರಿಂದ ಹೇಗೋ ಪತ್ತೆಯಾಗುತ್ತದೆ. ಎರಡನೆಯದರಲ್ಲಿ ತಪ್ಪು ಮಾಹಿತಿ ಸರಿಯಾದ ವಾಕ್ಯದ ವೇಷದಲ್ಲಿ ಹೋಗಿಬಿಡುತ್ತದೆ. ದೂರು ಅರ್ಜಿಯಲ್ಲಿ, ಅಪಘಾತದ ವರದಿಯಲ್ಲಿ, ರೋಗಿಯ ವಿವರದಲ್ಲಿ ಯಾವುದು ಮೊದಲು ನಡೆಯಿತು ಎಂಬುದೇ ಮುಖ್ಯವಾಗಿರುತ್ತದೆ.

ಕಾರಣ ಅದೇ ತಲೆ–ಬಾಲದ ವ್ಯತ್ಯಾಸ. ಕನ್ನಡದ 'ಕಾರಣ', 'ಮೊದಲು', 'ಮೇಲೆ', 'ವರೆಗೆ' ತಮ್ಮ ಹಿಂದಿನ ಮಾತನ್ನು ಹಿಡಿಯುತ್ತವೆ. ಇಂಗ್ಲಿಷಿನ 'ಬಿಕಾಸ್', 'ಬಿಫೋರ್', 'ಆಫ್ಟರ್', 'ಅಂಟಿಲ್' ತಮ್ಮ ಮುಂದಿನ ಮಾತನ್ನು ಹಿಡಿಯುತ್ತವೆ. ಪರಿಹಾರ ಪೆನ್ಸಿಲಿನಲ್ಲಿದೆ. ಕೊಂಡಿಪದಕ್ಕೆ ಒಂದು ಸುತ್ತು ಹಾಕಿ, ಅಲ್ಲಿಂದ ಮುಂದಕ್ಕೆ ಅಲ್ಪವಿರಾಮ ಅಥವಾ ಪೂರ್ಣವಿರಾಮ ಸಿಗುವವರೆಗೆ ಅಡಿಗೆರೆ ಎಳೆಯಬೇಕು. ಅಡಿಗೆರೆಯ ಭಾಗ ಕೊಂಡಿಗೆ ಸೇರಿದ್ದು, ಉಳಿದದ್ದು ಮುಖ್ಯವಾಕ್ಯ. ಈಗ ಮುಖ್ಯವಾಕ್ಯಕ್ಕೆ 'ಏಕೆ?' ಅಥವಾ 'ಯಾವಾಗ?' ಎಂದು ಕೇಳಬೇಕು. ಅಡಿಗೆರೆಯ ಭಾಗ ಅದಕ್ಕೆ ಉತ್ತರವಾಗಿದ್ದರೆ ವಾಕ್ಯ ಸರಿ. 'ಮಳೆ ಏಕೆ ಬಂತು?' ಎಂದು ಕೇಳಬೇಕಾಗಿ ಬಂದೊಡನೆ ಮಗುವಿಗೇ ನಗು ಬರುತ್ತದೆ, ತಪ್ಪು ತಾನೇ ಸಿಗುತ್ತದೆ.

ಅಲ್ಪವಿರಾಮದ ನಿಯಮವೂ ಇಲ್ಲಿಂದಲೇ ಹೊರಡುತ್ತದೆ, ಬಾಯಿಪಾಠ ಬೇಕಾಗಿಲ್ಲ. ಕನ್ನಡದ ಉಪವಾಕ್ಯ ಎಲ್ಲಿ ಮುಗಿಯಿತು ಎಂಬುದನ್ನು ಬಾಲವೇ ತೋರಿಸುತ್ತದೆ. ಇಂಗ್ಲಿಷಿನ ಕೊಂಡಿ ಉಪವಾಕ್ಯ ಎಲ್ಲಿ ಶುರುವಾಯಿತು ಎಂದು ಮಾತ್ರ ಹೇಳುತ್ತದೆ, ಎಲ್ಲಿ ಮುಗಿಯಿತು ಎಂದು ಹೇಳುವುದಿಲ್ಲ. ಆ ಕೆಲಸಕ್ಕೆ ಅಲ್ಪವಿರಾಮ ಬೇಕು. 'ವೈಲ್ ದೆ ವರ್ ಪೇಂಟಿಂಗ್ ದ ಡೋರ್ ಫೆಲ್' ಎಂದು ಓದುವಾಗ ಅವರು ಬಾಗಿಲಿಗೆ ಬಣ್ಣ ಬಳಿಯುತ್ತಿದ್ದರು ಎಂದುಕೊಂಡು ಹೋಗಿ 'ಫೆಲ್' ಹತ್ತಿರ ಮುಗ್ಗರಿಸುತ್ತೇವೆ. 'ಪೇಂಟಿಂಗ್' ಆದಮೇಲೆ ಅಲ್ಪವಿರಾಮ ಬಿದ್ದರೆ ಬಣ್ಣ ಯಾವುದಕ್ಕೋ, ಬಿದ್ದದ್ದು ಬಾಗಿಲು ಎಂದು ತಿಳಿಯುತ್ತದೆ. ಉಪವಾಕ್ಯ ಎರಡನೆಯದಾಗಿ ಬಂದಾಗ ಕೊಂಡಿಯೇ ನಡುವೆ ನಿಂತು ಎರಡನ್ನೂ ಬೇರೆ ಮಾಡುವುದರಿಂದ ಸಾಮಾನ್ಯವಾಗಿ ಅಲ್ಪವಿರಾಮ ಬೇಡ. ಆಲ್ದೋ, ವೇರ್‌ಆ್ಯಸ್‌ಗಳಂತೆ ವಿರೋಧ ಹೇಳುವ ಪದಗಳ ಮುಂಚೆ ಮಾತ್ರ ಹಾಕುವ ರೂಢಿ ಇದೆ.

ಸಮಾನ ವಾಕ್ಯಗಳನ್ನು ಜೋಡಿಸುವ ಏಳು ಪದಗಳೆಂದರೆ ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲಕ್ಷರಗಳನ್ನು ಸೇರಿಸಿ 'ಫ್ಯಾನ್‌ಬಾಯ್ಸ್' ಎಂದು ನೆನಪಿಡುತ್ತಾರೆ. ಎರಡೂ ಕಡೆ ಕರ್ತೃಪದ ಇರುವ ಪೂರ್ಣವಾಕ್ಯಗಳಿದ್ದರೆ ಕೊಂಡಿಯ ಮುಂಚೆ ಅಲ್ಪವಿರಾಮ. ಕರ್ತೃ ಒಂದೇ ಆಗಿ ಕ್ರಿಯಾಪದ ಮಾತ್ರ ಎರಡಿದ್ದರೆ ಬೇಡ. 'ಶಿ ಕ್ಲೋಸ್ಡ್ ದ ವಿಂಡೋ ಆ್ಯಂಡ್ ಸ್ಯಾಟ್ ಡೌನ್' ಎಂಬಲ್ಲಿ ಬೇಡ. ಇವುಗಳಲ್ಲಿ 'ಫಾರ್' ಇಂದು ಮಾತಿನಲ್ಲಿ ಬಹುತೇಕ ಇಲ್ಲ. 'ನಾರ್' ಬಂದರೆ ಅದರ ಮುಂದೆ ಪ್ರಶ್ನೆಯ ಅನುಕ್ರಮ: 'ಹಿ ಡಿಡ್ ನಾಟ್ ಕಾಲ್, ನಾರ್ ಡಿಡ್ ಹಿ ರೈಟ್'.

'ಹೌಎವರ್', 'ದೇರ್‌ಫೋರ್', 'ಮೋರ್‌ಓವರ್', 'ಅದರ್‌ವೈಸ್' ಈ ಗುಂಪಿಗೆ ಸೇರುವುದಿಲ್ಲ. ಪಟ್ಟಿಗಳಲ್ಲಿ ಮಾತ್ರ ಬಟ್‌ನ ಕೆಳಗೇ ಹೌಎವರ್ ಇರುತ್ತದೆ, ಎರಡಕ್ಕೂ 'ಆದರೆ' ಎಂದೇ ಅರ್ಥ ಕೊಟ್ಟಿರುತ್ತಾರೆ. ಕೊಂಡಿಯೋ ಅಲ್ಲವೋ ಎಂದು ಪರೀಕ್ಷಿಸಲು ಪದವನ್ನು ವಾಕ್ಯದೊಳಗೆ ಸರಿಸಿ ನೋಡಿ. 'ದ ವರ್ಕ್, ಹೌಎವರ್, ವಾಸ್ ನಾಟ್ ಫಿನಿಶ್ಡ್' ಎನ್ನಬಹುದು. 'ದ ವರ್ಕ್, ಬಟ್, ವಾಸ್ ನಾಟ್ ಫಿನಿಶ್ಡ್' ಎನ್ನಲಾಗದು. ಸರಿಯುವ ಪದ ಕ್ರಿಯಾವಿಶೇಷಣ, ಎಣಿಕೆಯಲ್ಲಿ ಅದರ ಬೆಲೆ ಸೊನ್ನೆ. ಹಾಗಾಗಿ ಅದರ ಮುಂಚೆ ಅರ್ಧವಿರಾಮವೋ ಪೂರ್ಣವಿರಾಮವೋ ಇರಲೇಬೇಕು, ಆಮೇಲೆ ಅಲ್ಪವಿರಾಮ. ಕಚೇರಿ ಪತ್ರಗಳಲ್ಲಿ ಅಲ್ಪವಿರಾಮ, ಹೌಎವರ್, ಮತ್ತೆ ಅಲ್ಪವಿರಾಮ ಹಾಕಿ ಎರಡು ವಾಕ್ಯ ಬೆಸೆಯುವ ತಪ್ಪು ತೀರ ಸಾಮಾನ್ಯ.

ಕನ್ನಡ ಗೊತ್ತಿರುವುದು ಅಡ್ಡಿ ಮಾತ್ರವಲ್ಲ, ಕೆಲವು ಕಡೆ ದೊಡ್ಡ ಆಸರೆ. ಇದನ್ನು ಪಾಠಗಳು ಬಳಸಿಕೊಳ್ಳದಿರುವುದು ನೋವಿನ ಸಂಗತಿ. 'ವೆನ್ ಹಿ ವಿಲ್ ಕಮ್ ಟುಮಾರೋ, ಐ ವಿಲ್ ಟೆಲ್ ಹಿಮ್' ಎಂದು ಬರೆಯುವ ಮಗು 'ನಾಳೆ ಬಂದಾಗ ಹೇಳುತ್ತೇನೆ' ಎಂದೇ ಕನ್ನಡದಲ್ಲಿ ಯೋಚಿಸಿರುತ್ತದೆ. 'ಬಂದಾಗ', 'ಬಂದರೆ' ಇವು ಭೂತಕಾಲದ ರೂಪಗಳು, ಮಾತು ನಾಳೆಯದಾದರೂ. ಭವಿಷ್ಯದ ಭಾರವನ್ನು ಕನ್ನಡವೂ ಕೊನೆಯ ಕ್ರಿಯಾಪದಕ್ಕೇ ಬಿಡುತ್ತದೆ. ಇಂಗ್ಲಿಷೂ ಅಷ್ಟೇ: 'ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್'. ಇನ್ನು 'ಐ ಡೋಂಟ್ ನೋ ಇಫ್ ಹಿ ವಿಲ್ ಕಮ್' ಎಂಬಲ್ಲಿ ಇಫ್ ಇದ್ದೂ ವಿಲ್ ಬಂದಿದೆಯಲ್ಲ ಎಂಬ ಗೊಂದಲ ಏಳುತ್ತದೆ. ಅಲ್ಲಿಯೂ ಕನ್ನಡವನ್ನೇ ಕೇಳಬೇಕು. 'ಬಂದರೆ' ಎಂದಾಗುತ್ತದೋ, 'ಬರುತ್ತಾನೋ ಇಲ್ಲವೋ' ಎಂದಾಗುತ್ತದೋ? 'ರೆ' ಬಂದರೆ ವಿಲ್ ಬೇಡ, 'ಓ' ಬಂದರೆ ವಿಲ್ ಇರಬಹುದು. ಈ ಪುಟ್ಟ ಕೀಲಿಕೈ ನಮ್ಮ ಭಾಷೆಯಲ್ಲೇ ಇದೆ.

ಅನ್‌ಲೆಸ್ ವಿಷಯದಲ್ಲಿ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. 'ನೀನು ಓದದ ಹೊರತು ಪಾಸಾಗುವುದಿಲ್ಲ' ಎಂಬಲ್ಲಿ 'ಹೊರತು' ಎಂಬುದರ ಹಿಂದೆ ನಿಷೇಧರೂಪ 'ಓದದ' ಇದೆ. ಅದನ್ನೇ ಒಯ್ದು 'ಅನ್‌ಲೆಸ್ ಯು ಡೋಂಟ್ ಸ್ಟಡಿ' ಎನ್ನುತ್ತೇವೆ. ಅನ್‌ಲೆಸ್ ಎಂದರೆ 'ಇಫ್ ನಾಟ್'. 'ಇಲ್ಲ' ಅದರ ಹೊಟ್ಟೆಯಲ್ಲೇ ಇದೆ. 'ಅನ್‌ಲೆಸ್ ಯು ಸ್ಟಡಿ' ಎಂದಷ್ಟೇ ಬರೆಯಬೇಕು. 'ಅಂಟಿಲ್ ಹಿ ಡಸಂಟ್ ಕಮ್' ಕೂಡ ಹಾಗೆಯೇ ತಪ್ಪು.

ನಿಷೇಧ ಮತ್ತು ಬಿಕಾಸ್ ಒಂದೇ ವಾಕ್ಯದಲ್ಲಿ ಸೇರಿದರೆ ಇಂಗ್ಲಿಷ್ ಬಲ್ಲವರೂ ತಪ್ಪುತ್ತಾರೆ. 'ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಹಿ ವಾಸ್ ಆ್ಯಂಗ್ರಿ.' ಆತ ರಾಜೀನಾಮೆ ಕೊಟ್ಟನೋ ಇಲ್ಲವೋ? 'ಸಿಟ್ಟಿದ್ದುದರಿಂದ ರಾಜೀನಾಮೆ ಕೊಡಲಿಲ್ಲ' ಎಂದೂ ಓದಬಹುದು, 'ರಾಜೀನಾಮೆ ಕೊಟ್ಟದ್ದು ಸಿಟ್ಟಿನಿಂದಲ್ಲ' ಎಂದೂ ಓದಬಹುದು. ಕನ್ನಡದಲ್ಲಿ 'ಇಲ್ಲ' ಬೇರೆ 'ಅಲ್ಲ' ಬೇರೆಯಾದ್ದರಿಂದ ಈ ಗೊಂದಲವೇ ಹುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲ ಅರ್ಥ ಬೇಕಿದ್ದರೆ ಬಿಕಾಸ್ ಭಾಗವನ್ನು ವಾಕ್ಯದ ಆರಂಭಕ್ಕೆ ತರಬೇಕು. ಎರಡನೆಯದು ಬೇಕಿದ್ದರೆ 'ಹಿ ರಿಸೈನ್ಡ್, ಬಟ್ ನಾಟ್ ಬಿಕಾಸ್ ಹಿ ವಾಸ್ ಆ್ಯಂಗ್ರಿ' ಎಂದು ಬಿಡಿಸಿ ಬರೆಯಬೇಕು. 'ಸಿನ್ಸ್'ಗೂ ಎರಡು ಮುಖ, ಅಂದಿನಿಂದ ಮತ್ತು ಆದ್ದರಿಂದ. 'ಸಿನ್ಸ್ ಶಿ ಲೆಫ್ಟ್, ವಿ ಹ್ಯಾವ್ ಹ್ಯಾಡ್ ಮೋರ್ ವರ್ಕ್' ಎಂದರೆ ಅವಳು ಹೋದಂದಿನಿಂದಲೋ, ಹೋದದ್ದರಿಂದಲೋ ತಿಳಿಯದು. ಕಾರಣ ಹೇಳಬೇಕಾದಲ್ಲಿ ಬಿಕಾಸ್ ಬಳಸುವುದೇ ಕ್ಷೇಮ.

ಜೋಡಿ ಕೊಂಡಿಗಳಲ್ಲಿ ಕಾಡುವುದು ಜಾಗದ ಪ್ರಶ್ನೆ. 'ಕನ್ನಡ ಮಾತ್ರವಲ್ಲ, ತಮಿಳನ್ನೂ ಮಾತಾಡುತ್ತಾಳೆ' ಎಂಬಲ್ಲಿ 'ಮಾತ್ರವಲ್ಲ' ವಸ್ತುವಿನ ನಂತರ ಬಂದರೆ, 'ನಾಟ್ ಓನ್ಲಿ' ವಸ್ತುವಿಗಿಂತ ಮೊದಲು ಬರಬೇಕು: 'ಶಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತಮಿಳ್'. ನಾಟ್ ಓನ್ಲಿ ಆದಮೇಲೆ ನಾಮಪದ ಬಂದರೆ ಬಟ್ ಆಲ್ಸೋ ಆದಮೇಲೂ ನಾಮಪದವೇ, ಕ್ರಿಯಾಪದ ಬಂದರೆ ಕ್ರಿಯಾಪದವೇ. ಐದರ್–ಆರ್, ನೈದರ್–ನಾರ್ ಬಂದಾಗ ಕ್ರಿಯಾಪದದ ವಚನ ಅದಕ್ಕೆ ಹತ್ತಿರವಿರುವ ಕರ್ತೃವನ್ನು ಅನುಸರಿಸುತ್ತದೆ. 'ಆ್ಯಸ್ ವೆಲ್ ಆ್ಯಸ್' ಮಾತ್ರ 'ಆ್ಯಂಡ್'ಗೆ ಸಮವಲ್ಲ. ಅಲ್ಲಿ ಮೊದಲ ಕರ್ತೃವಿನದೇ ಲೆಕ್ಕ. 'ನೋ ಸೂನರ್' ಎಂಬುದರ ಜೊತೆ 'ದ್ಯಾನ್', ಏಕೆಂದರೆ 'ಸೂನರ್' ಹೋಲಿಕೆಯ ರೂಪ. 'ಹಾರ್ಡ್ಲಿ' ಜೊತೆ 'ವೆನ್'. ಪರೀಕ್ಷೆ ಇವನ್ನು ಕೇಳುತ್ತದೆಂದು ಕಲಿಯಬೇಕು. ಸ್ವಂತ ಬರಹಕ್ಕೆ 'ಆ್ಯಸ್ ಸೂನ್ ಆ್ಯಸ್' ಸಾಕು. 'ಡಿಸ್ಪೈಟ್', 'ಬಿಕಾಸ್ ಆಫ್' ಇವುಗಳ ಮುಂದೆ ಕ್ರಿಯಾಪದವಿರುವ ವಾಕ್ಯ ಬರಬಾರದು, ನಾಮಪದ ಬರಬೇಕು. 'ಡಿಸ್ಪೈಟ್ ಆಫ್' ಎಂಬುದು ಇಲ್ಲವೇ ಇಲ್ಲ.

ಇಷ್ಟು ಸಣ್ಣ ಪದಗಳ ಬಗ್ಗೆ ಇಷ್ಟೊಂದು ಬರೆಯಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಅಮೆರಿಕದ ಮೇನ್ ರಾಜ್ಯದ ಕಾನೂನೊಂದರಲ್ಲಿದ್ದ 'ಆರ್' ಪದದ ಮೇಲೆ ನಡೆದ ಮೊಕದ್ದಮೆಯನ್ನು ಅವರು ಗಮನಿಸಲಿ. ಹೆಚ್ಚುವರಿ ದುಡಿಮೆಯ ಭತ್ಯೆ ಯಾವ ಕೆಲಸಗಳಿಗೆ ಅನ್ವಯಿಸುವುದಿಲ್ಲ ಎಂದು ಆ ಕಾನೂನು ಪಟ್ಟಿ ಮಾಡಿತ್ತು: ಕ್ಯಾನಿಂಗ್, ಪ್ರೊಸೆಸಿಂಗ್, ಪ್ರಿಸರ್ವಿಂಗ್, ಫ್ರೀಜಿಂಗ್, ಡ್ರೈಯಿಂಗ್, ಮಾರ್ಕೆಟಿಂಗ್, ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್. ಓಕ್‌ಹರ್ಸ್ಟ್ ಡೈರಿಯ ಚಾಲಕರು ಸರಕು ಹಂಚುವವರು. 'ಆರ್' ಇಡೀ ಪಟ್ಟಿಯ ಕೊನೆಯ ಕೊಂಡಿಯಾಗಿದ್ದರೆ ಹಂಚಿಕೆ ಪ್ರತ್ಯೇಕ ಕೆಲಸವಾಗುತ್ತದೆ, ಭತ್ಯೆ ಸಿಗುವುದಿಲ್ಲ. 'ಆರ್' ಶಿಪ್‌ಮೆಂಟ್ ಮತ್ತು ಡಿಸ್ಟ್ರಿಬ್ಯೂಷನ್ ಎರಡನ್ನೇ ಜೋಡಿಸುತ್ತಿದ್ದರೆ ಪಟ್ಟಿಯಲ್ಲಿರುವುದು ಪ್ಯಾಕಿಂಗ್ ಮಾತ್ರ, ಹಂಚುವವರಿಗೆ ಭತ್ಯೆ ಸಿಗಬೇಕು. 'ಆರ್' ಮುಂಚೆ ಅಲ್ಪವಿರಾಮ ಇರಲಿಲ್ಲ. ಉಳಿದ ಕೆಲಸಗಳೆಲ್ಲ 'ಐಎನ್‌ಜಿ' ರೂಪದಲ್ಲಿದ್ದರೆ ಡಿಸ್ಟ್ರಿಬ್ಯೂಷನ್ ಮಾತ್ರ ಶಿಪ್‌ಮೆಂಟ್‌ನ ಹಾಗೆ ನಾಮಪದವಾಗಿತ್ತು. ಇದು ಚಾಲಕರ ಪರವಾದ ವಾದ. ಚಾಲಕರು ಹೇಳಿದಂತೆ ಪ್ಯಾಕಿಂಗ್ ಕೊನೆಯದಾಗಿದ್ದರೆ ಅದರ ಮುಂಚೆ ಒಂದು ಕೊಂಡಿ ಇರಬೇಕಿತ್ತಲ್ಲ, ಇಲ್ಲವಲ್ಲ. ಇದು ಕಂಪನಿಯ ಪರವಾದ ವಾದ. ಎರಡೂ ಕಡೆ ತೂಕವಿತ್ತು. 2017ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಕಾನೂನಿನ ಮಾತು ಅಸ್ಪಷ್ಟವಾಗಿದೆ ಎಂದು ಚಾಲಕರ ಪರವಾಗಿ ತೀರ್ಪು ಕೊಟ್ಟಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದಕ್ಕೂ ಮೊದಲೇ, ತೀರ್ಪು ಬಂದ ಮೇಲೆ, ಶಾಸಕಾಂಗ ಆ ಪಟ್ಟಿಗೆ ಅರ್ಧವಿರಾಮಗಳನ್ನು ಹಾಕಿ 'ಡಿಸ್ಟ್ರಿಬ್ಯೂಟಿಂಗ್' ಎಂದು ತಿದ್ದಿತು.

ಇನ್ನು ನಿಮ್ಮ ಪುಟದ ಅಭ್ಯಾಸಗಳ ಬಗ್ಗೆ. ಎರಡು ವಾಕ್ಯ ಕೊಟ್ಟು, ಪದವನ್ನೂ ನೀವೇ ಕೊಟ್ಟರೆ ಮಗು ಯೋಚಿಸಬೇಕಾದ ಭಾಗವನ್ನು ನೀವೇ ಮುಗಿಸಿದಂತೆ. ಕೊಂಡಿ ಆರಿಸುವುದೆಂದರೆ ಎರಡು ಸಂಗತಿಗಳ ಸಂಬಂಧ ಏನೆಂದು ತೀರ್ಮಾನಿಸುವುದು. ಅದರ ಬದಲು ಒಂದೇ ಜೊತೆ ವಾಕ್ಯವನ್ನು ಬೇರೆ ಬೇರೆ ಕೊಂಡಿಗಳಿಂದ ಜೋಡಿಸಲು ಹೇಳಿ. 'ದ ರೇನ್ ಸ್ಟಾಪ್ಡ್', 'ದ ಮ್ಯಾಚ್ ಬಿಗ್ಯಾನ್' ಎಂಬ ಎರಡು ತುಂಡು ಸಾಕು. 'ಬಿಫೋರ್ ದ ಮ್ಯಾಚ್ ಬಿಗ್ಯಾನ್' ಎಂದರೆ ಆಟ ಮಳೆ ನಿಂತ ಮೇಲೆ ಶುರುವಾಗಿದೆ. 'ಆಫ್ಟರ್ ದ ಮ್ಯಾಚ್ ಬಿಗ್ಯಾನ್' ಎಂದರೆ ಮಳೆಯಲ್ಲೇ ಶುರುವಾಗಿದೆ. 'ದ ರೇನ್ ಸ್ಟಾಪ್ಡ್, ಸೋ ದ ಮ್ಯಾಚ್ ಬಿಗ್ಯಾನ್' ಎಂದರೆ ಎಲ್ಲರೂ ಮಳೆ ನಿಲ್ಲುವುದನ್ನೇ ಕಾಯುತ್ತಿದ್ದರು. 'ಬಟ್' ಹಾಕಿದರೆ ಏನೋ ಹೊಂದುವುದಿಲ್ಲ. ಏಕೆ ಹೊಂದುವುದಿಲ್ಲ ಎಂದು ಮಗು ತನ್ನ ಮಾತಿನಲ್ಲಿ ಎರಡು ಸಾಲು ಬರೆಯಲಿ, ಆ ವಿವರಣೆ ಕನ್ನಡದಲ್ಲಿದ್ದರೂ ಅಂಕ ಕೊಡಲಿ.

ಪಟ್ಟಿ ಇರಲೇಬೇಕು ಎಂದಾದರೆ ಎರಡು ಕಾಲಮ್ಮಿನದು ಬೇಡ, ನಾಲ್ಕಿರಲಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದಕ್ಕೆ ಸಮನಾದ ಕನ್ನಡದ ಪದವೋ ಪ್ರತ್ಯಯವೋ, ಇಫ್‌ಗೆ 'ರೆ', ಆಲ್ದೋಗೆ 'ರೂ', ಅಂಟಿಲ್‌ಗೆ 'ವರೆಗೆ' ಎಂಬಂತೆ, ಮೂರನೆಯದರಲ್ಲಿ ಅದರ ಮುಂದೆ ಬರುವುದು ವಾಕ್ಯವೋ ನಾಮಪದವೋ, ನಾಲ್ಕನೆಯದರಲ್ಲಿ ವಿರಾಮಚಿಹ್ನೆ ಎಲ್ಲಿ. ಹೌಎವರ್ ಗುಂಪನ್ನು ಬೇರೆ ಪಟ್ಟಿಗೆ ಸರಿಸಿ. ಇಪ್ಪತ್ತು ಪದಗಳಿಗಿಂತ ಹೆಚ್ಚು ಬೇಡ. ಲೆಸ್ಟ್, ವೇರ್‌ಆ್ಯಸ್‌ಗಳಂಥವು ಮುಂದಿನ ತರಗತಿಗಿರಲಿ. ಪಟ್ಟಿಯ ಮೇಲ್ಗಡೆ ಕ್ರಿಯಾಪದ ಎಣಿಸುವ ಸೂತ್ರವನ್ನು ದಪ್ಪಕ್ಷರದಲ್ಲಿ ಹಾಕಿ, ಮೊದಲ ವಾರದ ಅಭ್ಯಾಸದಲ್ಲಿ ಜೋಡಿಸಲು ಏನನ್ನೂ ಕೊಡದೆ ಬರೀ ಎಣಿಸಲು ಹತ್ತು ವಾಕ್ಯ ಕೊಡಿ.

ಇತಿ ವಂದನೆಗಳೊಂದಿಗೆ,
ಇಂಗ್ಲಿಷ್ ವ್ಯಾಕರಣ ಕಲಿಸುವ ಓದುಗ